ಸೈಕಲ್ ಎಲ್ಲಿ ಕೂರಬೇಕು? ಟ್ರೇಲರ್ ಎಳೆಯುವ ಕುಟುಂಬಗಳಿಗೆ 18 ಸೂತ್ರಗಳು

ಮಿಶಿಗನ್ನಿನಲ್ಲಿ ಬೇಸಿಗೆ ಬಂತೆಂದರೆ ಜನ ಉತ್ತರಕ್ಕೆ ಮುಖ ಮಾಡುತ್ತಾರೆ. ಡೆಟ್ರಾಯ್ಟ್ ಸುತ್ತಮುತ್ತ ಕಾರು ಉದ್ಯಮದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲೂ ಶಾಲೆಗೆ ರಜೆ ಬೀಳುತ್ತಿದ್ದಂತೆ ಅದೇ ಮಾತು: ಈ ಸಲ ಮ್ಯಾಕಿನಾ ದ್ವೀಪ. 1898ರಲ್ಲೇ ಮೋಟಾರು ಗಾಡಿಗಳನ್ನು ಹೊರಗಿಟ್ಟ ಊರು ಅದು. ದಡ ಹಿಡಿದು ದ್ವೀಪವನ್ನು ಒಂದು ಸುತ್ತು ಬರುವ ಸುಮಾರು 8 ಮೈಲಿಯ ಎಂ-185 ರಾಜ್ಯ ಹೆದ್ದಾರಿಯಲ್ಲಿ ಕಾರುಗಳಿಲ್ಲ. ಕುದುರೆ, ಸೈಕಲ್, ಕಾಲ್ನಡಿಗೆ ಅಷ್ಟೇ. ದ್ವೀಪದಲ್ಲಿ ಟ್ರೇಲರ್ ನಿಲ್ಲಿಸಲು, ಟೆಂಟು ಹೂಡಲು ಜಾಗವಿಲ್ಲ. ಹಾಗಾಗಿ ಟ್ರೇಲರನ್ನು ಈಚೆ ದಡದ ಮ್ಯಾಕಿನಾ ಸಿಟಿಯಲ್ಲಿ ಬಿಟ್ಟು, ಸೈಕಲ್‌ಗಳನ್ನು ಫೆರಿಗೆ ಹತ್ತಿಸಿಕೊಂಡು ಹೋಗಬೇಕು.

ನಮ್ಮ ಮನೆಯಿಂದ ಅಲ್ಲಿಗೆ ಐ-75ರಲ್ಲಿ ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ. ನಮ್ಮದು 16 ಅಡಿಯ ಪುಟ್ಟ ಟ್ರಾವೆಲ್ ಟ್ರೇಲರ್. ಅದನ್ನು ಎಳೆಯುವುದು ಮಧ್ಯಮ ಗಾತ್ರದ ಎಸ್‌ಯುವಿ. ಜೊತೆಗೆ ಮೂರು ಸೈಕಲ್. ಮೊದಲ ಬೇಸಿಗೆಯಲ್ಲಿ ಆ ಮೂರನ್ನೂ ಟ್ರೇಲರಿನ ಹಿಂದಿನ ಬಂಪರಿಗೆ ರ‍್ಯಾಕ್ ಹಾಕಿ ನೇತುಬಿಟ್ಟು ಹೊರಟೆ. ವೆಸ್ಟ್ ಬ್ರಾಂಚ್ ದಾಟಿ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದಾಗ ಮಗಳು ಹಿಂದಕ್ಕೆ ಹೋಗಿ ಬಂದು, "ಅಪ್ಪಾ, ಬಂಪರ್ ಓರೆಯಾಗಿದೆ" ಎಂದಳು. ಬಗ್ಗಿ ನೋಡಿದರೆ ಎಡಗಡೆಯ ವೆಲ್ಡಿಂಗ್ ಅರ್ಧದಷ್ಟು ಬಿಟ್ಟುಕೊಂಡಿತ್ತು. ಇನ್ನಷ್ಟು ದೂರ ಹೋಗಿದ್ದರೆ ಕಬ್ಬಿಣದ ರ‍್ಯಾಕ್ ಸಮೇತ ಮೂರು ಸೈಕಲ್ ಹೆದ್ದಾರಿಯ ನಡುವೆ, ಹಿಂದೆ ಬರುತ್ತಿದ್ದ ಯಾವುದೋ ಸಂಸಾರದ ಕಾರಿನ ಮುಂದೆ ಬೀಳುತ್ತಿದ್ದವು. ಅಂದಿನಿಂದ ಈ ವಿಷಯವನ್ನು ನಾನು ಹಗುರವಾಗಿ ಕಂಡಿಲ್ಲ. ಆಮೇಲಿನ ಬೇಸಿಗೆಗಳಲ್ಲಿ ಓದಿ, ತೂಗಿ, ಕಟ್ಟಿ ಬಿಚ್ಚಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಮೂಕಿ ಭಾರ ಏನೆಂದು ತಿಳಿಯಿರಿ.

ಮಂಡ್ಯದ ಕಡೆ ನಮ್ಮ ತಾತ ಎತ್ತಿನ ಬಂಡಿಗೆ ಭತ್ತದ ಮೂಟೆ ಹೇರಿಸುವಾಗ ನೊಗದ ಹತ್ತಿರ ನಿಂತು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಅದು ಸಲೀಸಾಗಿ ಮೇಲೆ ಬಂದರೆ, "ವಸಿ ಮುಂದಕ್ಕೆ ತಳ್ಳಲಾ, ಮೂಕಿ ಎದ್ದೋಯ್ತದೆ" ಎಂದು ಕೂಗುತ್ತಿದ್ದರು. ಹಿಂಭಾರವಾದ ಬಂಡಿಯಲ್ಲಿ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರ ಅತಿಯಾದರೆ ಹೆಗಲು ಕಿತ್ತುಹೋಗುತ್ತದೆ. ಎರಡರ ನಡುವೆ ಒಂದು ಹದ.

ಟ್ರೇಲರಿನದೂ ಅದೇ ಲೆಕ್ಕ. ಮುಂದೆ ಚಾಚಿಕೊಂಡು ಕಾರಿನ ಹಿಚ್ ಮೇಲೆ ಕೂರುವ ಭಾಗವೇ ಅದರ ಮೂಕಿ. ಅಲ್ಲಿ ಬೀಳುವ ಭಾರ, ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ನಾಯಿಯ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ಒಮ್ಮೆ ಬೀಸು ಹಿಡಿದ ಟ್ರೇಲರ್ ಕಾರನ್ನೂ ತನ್ನೊಡನೆ ಎಳೆದುಕೊಂಡು ಹೋಗಬಲ್ಲದು. ಸೈಕಲ್ ಎಷ್ಟು ಭಾರ ಎಂದು ಎಲ್ಲರೂ ಕೇಳುತ್ತಾರೆ. ಅದು ಎಲ್ಲಿ ಕೂತಿದೆ ಎಂದು ಕೇಳಬೇಕು.

2. ಹಿಂದೆ ಹೇರಿದ್ದು ಮುಂದೆ ಎಷ್ಟು ಕಳೆಯುತ್ತದೆ, ಲೆಕ್ಕ ಹಾಕಿ.

ನೀರೆತ್ತುವ ಏತವನ್ನು ನೆನೆಸಿಕೊಳ್ಳಿ. ಟ್ರೇಲರಿನ ಆಕ್ಸಲ್ ನಡುವಿನ ಕಂಬ. ಹಿಂದಿನ ತುದಿಯಲ್ಲಿ ಒತ್ತಿದರೆ ಮುಂದಿನ ತುದಿ ಏಳುತ್ತದೆ.

ನಮ್ಮ ಟ್ರೇಲರ್ ತುಂಬಿದಾಗ 2,500 ಪೌಂಡ್. ಮೂಕಿ ಭಾರ 300, ಅಂದರೆ ಶೇ. 12. ಮೂರು ಸೈಕಲ್ ಸೇರಿ 90 ಪೌಂಡ್, ರ‍್ಯಾಕ್ 45, ಒಟ್ಟು 135. ಅದು ಆಕ್ಸಲಿನಿಂದ 8 ಅಡಿ ಹಿಂದೆ ತೂಗುತ್ತಿತ್ತು. ಹಿಚ್ ಇರುವುದು ಆಕ್ಸಲಿನಿಂದ 12 ಅಡಿ ಮುಂದೆ. 135ನ್ನು 8ರಿಂದ ಗುಣಿಸಿ 12ರಿಂದ ಭಾಗಿಸಿದರೆ 90. ಮೂಕಿ ಭಾರ 300ರಿಂದ 210ಕ್ಕೆ ಇಳಿಯಿತು. ಟ್ರೇಲರಿನ ಒಟ್ಟು ತೂಕವೋ 2,635ಕ್ಕೆ ಏರಿತು. ಶೇ. 12 ಇದ್ದದ್ದು ಶೇ. 8 ಆಯಿತು. ಮೊದಲ ಪ್ರವಾಸದಲ್ಲಿ ಲಾರಿ ಪಕ್ಕಕ್ಕೆ ಬಂದಾಗಲೆಲ್ಲ ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತಿದ್ದುದು ಏಕೆಂದು ಆಮೇಲೆ ತಿಳಿಯಿತು. ಇದೇ ಜಾಗದಲ್ಲಿ 65 ಪೌಂಡಿನ ಎರಡು ಇ-ಬೈಕ್, 60 ಪೌಂಡಿನ ಗಟ್ಟಿ ರ‍್ಯಾಕ್ ಇಟ್ಟರೆ ಮೂಕಿ ಭಾರ ಶೇ. 6.5ಕ್ಕೂ ಕೆಳಗೆ ಜಾರುತ್ತದೆ.

ಚಿಕ್ಕ ಟ್ರೇಲರಿಗೆ ಈ ಪೆಟ್ಟು ಜೋರು. 8,000 ಪೌಂಡಿನ ದೊಡ್ಡ ಟ್ರೇಲರಿಗೆ 135 ಪೌಂಡ್ ಲೆಕ್ಕಕ್ಕಿಲ್ಲ. ನಮ್ಮಂಥವರ ಪುಟ್ಟ ಗಾಡಿಗೆ ಅದು ಹದವನ್ನೇ ಕೆಡಿಸುತ್ತದೆ. "ಟ್ರೇಲರ್ ಚಿಕ್ಕದು, ಚಿಂತೆಯೂ ಚಿಕ್ಕದು" ಎನ್ನುವವರಿಗೆ ನಾನು ಈ ಲೆಕ್ಕವನ್ನೇ ಬರೆದು ತೋರಿಸುತ್ತೇನೆ.

3. ಅಂದಾಜು ಬೇಡ, ತೂಗಿ.

ಮನೆಯಲ್ಲಿ ಮೈತೂಕ ನೋಡುವ ಸ್ಕೇಲ್ ಸಾಕು. ಟ್ರೇಲರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡ್ಡ ಕೊಡಿ. ಗಟ್ಟಿ ಹಲಗೆಯೊಂದರ ಒಂದು ಕೊನೆಯನ್ನು ಸ್ಕೇಲ್ ಮೇಲೆ, ಇನ್ನೊಂದು ಕೊನೆಯನ್ನು ಅಷ್ಟೇ ಎತ್ತರದ ಮರದ ತುಂಡಿನ ಮೇಲೆ ಕೂರಿಸಿ. ಎರಡರ ನಡುವಿನ ಅಂತರ 3 ಅಡಿ. ಟ್ರೇಲರಿನ ಜಾಕನ್ನು ಮರದ ತುಂಡಿನಿಂದ 1 ಅಡಿ, ಸ್ಕೇಲಿನಿಂದ 2 ಅಡಿ ದೂರಕ್ಕೆ ಬರುವಂತೆ ಹಲಗೆಯ ಮೇಲೆ ಇಳಿಸಿ. ಸ್ಕೇಲ್ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮೂಕಿ ಭಾರ ಸಿಕ್ಕಿತು. ಸೈಕಲ್ ಹೇರದೆ ಒಮ್ಮೆ, ಹೇರಿ ಒಮ್ಮೆ ತೂಗಿ. ಎರಡರ ವ್ಯತ್ಯಾಸವನ್ನು ಕಣ್ಣಾರೆ ನೋಡಿದವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಒಟ್ಟು ತೂಕಕ್ಕೆ ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಟ್ರೇಲರ್ ಜೋಡಿಸಿಕೊಂಡು ಒಮ್ಮೆ, ಕಳಚಿ ಬರೀ ಕಾರನ್ನು ಒಮ್ಮೆ ತೂಗಿಸಿ. ಜೋಡಿಸಿದಾಗ ಕಾರಿನ ಚಕ್ರಗಳ ಮೇಲೆ ಹೆಚ್ಚಾಗಿ ಬಿದ್ದ ತೂಕವೇ ಮೂಕಿ ಭಾರ.

4. ಟ್ರೇಲರಿನ ಹಿಂದಿನ ಬಂಪರನ್ನು ನಂಬಬೇಡಿ.

ಹೆಸರು ಬಂಪರ್ ಎಂದಿದ್ದರೂ ಅದು ತೆಳು ಕಬ್ಬಿಣದ ನಾಲ್ಕು ಇಂಚಿನ ಚೌಕಾಕಾರದ ಕೊಳವೆ. ಕೊಳಚೆ ನೀರಿನ ಪೈಪನ್ನು ಒಳಗೆ ತುರುಕಿಡಲು ಬಳಸುವಂಥದ್ದು. ಎರಡು ಕಡೆ ಫ್ರೇಮಿಗೆ ಬೆಸೆದಿರುತ್ತಾರೆ ಅಷ್ಟೆ. ಸ್ಟೆಪ್ನಿ ಚಕ್ರ ಬಿಟ್ಟು ಬೇರೇನನ್ನೂ ಹೊರಿಸಬೇಡಿ ಎಂದು ಅನೇಕ ತಯಾರಕರು ಕೈಪಿಡಿಯಲ್ಲೇ ಹೇಳುತ್ತಾರೆ.

ನಿಂತ ಟ್ರೇಲರಿನ ಬಂಪರ್ ಮೇಲೆ ದೊಡ್ಡವರು ಹತ್ತಿ ನಿಂತರೂ ಅದು ತಡೆದುಕೊಳ್ಳಬಹುದು. ಅದನ್ನು ನೋಡಿ ಮೋಸ ಹೋಗಬಾರದು. ಓಡುವಾಗ ಹಿಂದಿನ ತುದಿ ಆಕ್ಸಲಿನಿಂದ ದೂರವಿರುವುದರಿಂದ ಪ್ರತಿ ಗುಂಡಿಗೂ ಚಾಟಿಯ ತುದಿಯಂತೆ ಮೇಲೆ ಕೆಳಗೆ ಬೀಸುತ್ತದೆ. ಸೈಕಲ್‌ಗಳು ಬಂಪರಿನಿಂದ ಇನ್ನೂ ಹೊರಗೆ ತೂಗುತ್ತಿರುತ್ತವೆ. ಹಾಗಾಗಿ ಪ್ರತಿ ಕುಲುಕಿಗೂ ಕೊಳವೆ ತಿರುಚಿಕೊಳ್ಳುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ತುಂಡು ಮಾಡುವ ಹಾಗೆ ವೆಲ್ಡಿಂಗ್ ದಣಿದು ಸೀಳುತ್ತದೆ. ಮಿಶಿಗನ್ನಿನ ಚಳಿಗಾಲದ ಉಪ್ಪು ತಿಂದ ಕಬ್ಬಿಣವಾದರೆ ಇನ್ನೂ ಬೇಗ.

5. ಹಿಂದೆಯೇ ಹಾಕಬೇಕೆಂದರೆ ಫ್ರೇಮಿಗೆ ಬೆಸೆದ ರಿಸೀವರ್, ಟ್ರೇಲರಿಗೆ ಒಪ್ಪಿಗೆಯಿರುವ ರ‍್ಯಾಕ್, ಎರಡೂ ಬೇಕು.

ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಸಾಲದು. ಕಾರಿಗೆಂದು ಮಾಡಿದ ರ‍್ಯಾಕನ್ನು ಟ್ರೇಲರ್ ಹಿಂದೆ ಹಾಕಬಾರದೆಂದು ಅನೇಕ ಕಂಪನಿಗಳು ಸ್ಪಷ್ಟವಾಗಿ ಬರೆದಿರುತ್ತವೆ. ಹಾಗೆ ಹಾಕಿದರೆ ವಾರಂಟಿಯೂ ಇಲ್ಲ. ಕೊಳ್ಳುವ ಮುನ್ನ ಕೈಪಿಡಿಯಲ್ಲಿ "ಆರ್‌ವಿ", "ಟ್ರೇಲರ್" ಎಂಬ ಪದಗಳನ್ನು ಹುಡುಕಿ ಓದಿ. ಆರ್‌ವಿಗೆ ಒಪ್ಪಿಗೆಯಿದ್ದರೂ ಎಷ್ಟು ಸೈಕಲ್, ಒಂದೊಂದೂ ಎಷ್ಟು ಪೌಂಡ್ ಎಂಬ ಮಿತಿ ಬೇರೆಯೇ ಇರಬಹುದು. ಕಾರಿನ ಹಿಂದೆ ನಾಲ್ಕು ಸೈಕಲ್ ಹೊರುವ ರ‍್ಯಾಕಿಗೆ ಟ್ರೇಲರ್ ಹಿಂದೆ ಎರಡೇ ಎಂದಿರುತ್ತದೆ.

ಸೈಕಲ್ ಚಕ್ರವನ್ನು ತಟ್ಟೆಯಲ್ಲಿ ಕೂರಿಸಿ ಹಿಡಿಯುವ ಬಗೆಯದನ್ನೇ ಆರಿಸಿ. ಮೇಲಿನ ಕಂಬಿಯಿಂದ ನೇತುಹಾಕುವ ಬಗೆಯದರಲ್ಲಿ ಸೈಕಲ್ ತೊಟ್ಟಿಲಾಡುತ್ತದೆ. ಜೊತೆಗೆ ಮಕ್ಕಳ ಸೈಕಲ್, ತಗ್ಗು ಕಂಬಿಯ ಹೆಂಗಸರ ಸೈಕಲ್ ಅದಕ್ಕೆ ಹೊಂದುವುದೂ ಇಲ್ಲ. ಇಷ್ಟೆಲ್ಲ ಮಾಡಿದರೂ 2ನೇ ಸೂತ್ರದ ಲೆಕ್ಕ ತಪ್ಪುವುದಿಲ್ಲ. ಹಿಂದೆ ಹೇರಿದಷ್ಟಕ್ಕೆ ಸರಿಯಾಗಿ ಭಾರದ ಪೆಟ್ಟಿಗೆಗಳನ್ನು ಆಕ್ಸಲಿಗಿಂತ ಮುಂದಕ್ಕೆ ಸರಿಸಬೇಕು.

6. ಪಿಕಪ್ ಟ್ರಕ್ ಇದ್ದರೆ ಬೇರೆ ಯೋಚನೆಯೇ ಬೇಡ.

ಹಿಂದಿನ ತೊಟ್ಟಿಯಲ್ಲಿ ಸೈಕಲ್ ನಿಲ್ಲಿಸಿ ಕಟ್ಟಿ. ಟೇಲ್‌ಗೇಟ್ ಮೇಲೆ ಅರ್ಧ ಹೊರಗೆ ಇಳಿಬಿಡುವ ಮೆತ್ತೆಯ ವ್ಯವಸ್ಥೆ ಮಾತ್ರ ಟ್ರೇಲರ್ ಇರುವಾಗ ಬೇಡ. ಕಡಿದಾದ ತಿರುವಿನಲ್ಲಿ ಚಕ್ರಗಳು ಟ್ರೇಲರಿನ ಮೂತಿಗೆ ತಾಗುತ್ತವೆ.

7. ಎಸ್‌ಯುವಿ ಇರುವವರಿಗೆ ಕಾರಿನ ನೆತ್ತಿ ಒಳ್ಳೆಯ ಜಾಗ.

ಬಂಪರ್ ಮುರಿದ ಮರುವರ್ಷದಿಂದ ನಮ್ಮ ಎರಡು ದೊಡ್ಡ ಸೈಕಲ್ ಕಾರಿನ ರೂಫ್ ಮೇಲೆಯೇ ಹೋಗುತ್ತಿವೆ. ಮೂಕಿ ಭಾರ ಕೆಡುವುದಿಲ್ಲ, ಟ್ರೇಲರಿಗೆ ತಾಗುವುದಿಲ್ಲ, ಹಿಂದಿನ ದೀಪ ಮುಚ್ಚುವುದಿಲ್ಲ. ಓಡುವಾಗ ರೂಫ್ ಎಷ್ಟು ಹೊರಬಲ್ಲದೆಂದು ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಅನೇಕ ಕಾರುಗಳಿಗೆ ಅದು 165 ಪೌಂಡ್ ಆಸುಪಾಸು. ಅಡ್ಡಪಟ್ಟಿ, ರ‍್ಯಾಕುಗಳ ತೂಕವೂ ಅದರಲ್ಲೇ ಸೇರಬೇಕು. ಹಾಗಾಗಿ ಎರಡು ಸಾದಾ ಸೈಕಲ್ ಸರಿ. ಇ-ಬೈಕನ್ನು ತಲೆಯ ಮೇಲಕ್ಕೆ ಎತ್ತುವ ಸಾಹಸ ಬೇಡ, ಬೆನ್ನು ಉಳಿಸಿಕೊಳ್ಳಿ.

ಅಪಾಯ ಇರುವುದು ಎತ್ತರದಲ್ಲಿ. ಕಾರು ಐದೂವರೆ ಅಡಿ, ಮೇಲೆ ಸೈಕಲ್ ಮೂರೂವರೆ ಅಡಿಗೂ ಹೆಚ್ಚು. ಒಂಬತ್ತು ಅಡಿ ದಾಟಿತು. ಒಳಗೆ ನೆಟ್ಟಗೆ ನಿಂತು ಓಡಾಡಬಹುದಾದ ಟ್ರೇಲರ್ ಕೂಡ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅದನ್ನು ಎಳೆಯುವಾಗ ಎತ್ತರದ ಮೇಲೆ ಗಮನ ತಾನಾಗಿಯೇ ಇರುತ್ತದೆ. ಎಡವುವುದು ಟ್ರೇಲರ್ ಕಳಚಿದ ಮೇಲೆ. ಬರೀ ಕಾರಿನಲ್ಲಿ ಹಾಲು ತರಲು ಹೊರಟವರು ಏಳಡಿಯ ಪಾರ್ಕಿಂಗ್ ಕಟ್ಟಡಕ್ಕೆ ನುಗ್ಗುತ್ತಾರೆ, ಇಲ್ಲವೇ ಮನೆಗೆ ಮರಳಿದ ಸಂಜೆ ಆಯಾಸದಲ್ಲಿ ಗ್ಯಾರೇಜಿನ ಬಾಗಿಲಿಗೆ ಸೈಕಲ್ ಸಮೇತ ಗುದ್ದುತ್ತಾರೆ. ಅಳೆದ ಎತ್ತರವನ್ನು ದಪ್ಪ ಅಕ್ಷರದಲ್ಲಿ ಬರೆದು ಸ್ಟಿಯರಿಂಗ್ ಹತ್ತಿರ ಅಂಟಿಸಿ. ಹೊರಡುವಾಗ ಗ್ಯಾರೇಜ್ ಬಾಗಿಲಿನ ರಿಮೋಟನ್ನು ಕೈಗೆಟಕದ ಕಡೆ ಎತ್ತಿಡುವುದು ನಮ್ಮ ಮನೆಯ ಪದ್ಧತಿ. ಅದನ್ನು ಹುಡುಕಬೇಕಾದಾಗ ನೆತ್ತಿಯ ಮೇಲಿನದು ನೆನಪಾಗುತ್ತದೆ.

ನೀರಹನಿಯಾಕಾರದ ಟಿಯರ್‌ಡ್ರಾಪ್ ಟ್ರೇಲರ್‌ಗಳು ಕಾರಿನಷ್ಟೇ ತಗ್ಗು. ಅವನ್ನು ಎಳೆಯುವವರಿಗೆ ಸೈಕಲ್ಲೇ ಇಡೀ ಬಂಡಿಯ ಅತಿ ಎತ್ತರದ ವಸ್ತು ಎಂಬುದು ಮರೆತುಹೋಗಬಾರದು.

8. ಟ್ರೇಲರ್ ಒಳಗಿನ ನೆಲ ಖಾಲಿ ಇದ್ದರೆ ಅದೂ ಒಳ್ಳೆಯ ಜಾಗವೇ.

ಮಗಳ ಚಿಕ್ಕ ಸೈಕಲ್ ಒಳಗೇ ಬರುತ್ತದೆ. ಮುಂದಿನ ಚಕ್ರ ಬಿಚ್ಚಿ, ಪೆಡಲಿಗೆ ಹಳೆಯ ಟವೆಲ್ ಸುತ್ತಿ, ಹಳೆಯ ಜಮಖಾನ ಹಾಸಿ, ಚೈನಿನ ಕಡೆ ಮೇಲಾಗಿ ಮಲಗಿಸುತ್ತೇವೆ. ಆಕ್ಸಲ್ ಮೇಲಕ್ಕೋ ಅದಕ್ಕಿಂತ ಕೊಂಚ ಮುಂದಕ್ಕೋ ಇರಬೇಕು. ಹಿಂದಿನ ಹಾಸಿಗೆಯ ಮೇಲೆ ಎಸೆದರೆ ಮತ್ತೆ ಹಿಂಭಾರ. ಒಳಗಿದೆಯೆಂದು ಕಟ್ಟದೆ ಬಿಡಬೇಡಿ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಸೈಕಲ್ ಅಡುಗೆ ಕಪಾಟಿನ ಬಾಗಿಲು ಒಡೆದುಕೊಂಡು ನಿಲ್ಲುತ್ತದೆ. ಮಡಚುವ ಸೈಕಲ್ ಇದ್ದವರಿಗಂತೂ ಈ ಲೇಖನದ ಅರ್ಧ ಭಾಗ ಬೇಕಿಲ್ಲ.

9. ಮೂಕಿಯ ಮೇಲೆ ಹಾಕುವ ರ‍್ಯಾಕಿಗೂ ಮಿತಿಯಿದೆ.

ಗ್ಯಾಸ್ ಸಿಲಿಂಡರಿನ ಮೇಲ್ಗಡೆ, ಮೂಕಿಯ ಕಂಬಿಗಳಿಗೆ ಬಿಗಿಯುವ ರ‍್ಯಾಕುಗಳು ಸಿಗುತ್ತವೆ. ಅಲ್ಲಿ ಕುಲುಕು ಕಡಿಮೆ, ಕನ್ನಡಿಯಲ್ಲಿ ಸೈಕಲ್ ಕಾಣುತ್ತಿರುತ್ತದೆ. ಬಂಪರಿಗಿಂತ ಎಷ್ಟೋ ವಾಸಿ. ಆದರೆ ನಮ್ಮ ಟ್ರೇಲರಿನ ಲೆಕ್ಕದಲ್ಲಿ 135 ಪೌಂಡನ್ನು ಹಿಚ್‌ನಿಂದ 2 ಅಡಿ ಹಿಂದೆ ಕೂರಿಸಿದರೆ ಮೂಕಿ ಭಾರ 300ರಿಂದ 412ಕ್ಕೆ ಏರುತ್ತದೆ, ಶೇ. 15ನ್ನು ಮೀರುತ್ತದೆ. ಎರಡನೇ ದರ್ಜೆಯ ಹಿಚ್ ತಡೆಯುವುದೇ 350 ಪೌಂಡ್. ಮೀರಿದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ಸಡಿಲವಾಗಿ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇಂಥ ಕಡೆ ಎರಡೇ ಸೈಕಲ್ ಹಾಕಿ, ಭಾರದ ಐಸ್ ಪೆಟ್ಟಿಗೆಯನ್ನು ಆಕ್ಸಲ್ ಕಡೆಗೆ ಸರಿಸಿ, ಮತ್ತೆ ತೂಗಿ.

ಸಿಲಿಂಡರಿನ ವಾಲ್ವಿಗೂ ಜಾಕ್ ಹಿಡಿಗೂ ಕೈ ಹೋಗುವಂತಿರಬೇಕು. ಗ್ಯಾಸ್ ಬಂದ್ ಮಾಡಲು ಮೊದಲು ಸೈಕಲ್ ಇಳಿಸಬೇಕು ಎಂಬ ಸ್ಥಿತಿ ಬರಬಾರದು. ಆಮೇಲೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಬ್ಬರು ಕೆಳಗೆ ನಿಂತು ನೋಡುತ್ತಿರಲಿ, ಇನ್ನೊಬ್ಬರು ನಿಧಾನಕ್ಕೆ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಲಿ. ಹ್ಯಾಂಡಲ್ ಕಾರಿನ ಹಿಂದಿನ ಗಾಜಿಗೆ ಎಷ್ಟು ಹತ್ತಿರ ಬರುತ್ತದೆಂದು ಮನೆಯ ಹತ್ತಿರವೇ ತಿಳಿಯಲಿ. ಪೆಟ್ರೋಲ್ ಬಂಕಿನ ಏರುದಾರಿಯಲ್ಲಿ ಕಾರಿನ ಮೂತಿ ಎದ್ದಾಗಲೂ ಅಂತರ ಕಿರಿದಾಗುತ್ತದೆ.

10. ಕಾರಿಗೂ ಟ್ರೇಲರಿಗೂ ನಡುವೆ ರ‍್ಯಾಕ್ ತುರುಕುವುದು ನನಗೆ ಒಪ್ಪಿಗೆಯಿಲ್ಲ.

ಹಿಚ್ ಎಕ್ಸ್‌ಟೆನ್ಷನ್ ಹಾಕಿ ಅಂತರ ಹೆಚ್ಚಿಸುತ್ತಾರೆ. ಅದನ್ನು ಹಾಕಿದರೆ ಹಿಚ್‌ನ ಸಾಮರ್ಥ್ಯ ಅರ್ಧಕ್ಕೆ ಇಳಿಯಿತೆಂದು ಲೆಕ್ಕ ಹಿಡಿಯಿರಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಸಾಲದ್ದಕ್ಕೆ ಸೈಲೆನ್ಸರಿನ ಬಿಸಿಗಾಳಿ ಸೈಕಲ್ ಟೈರಿಗೆ ನೇರ ಬಡಿಯುತ್ತದೆ.

11. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ಓದಿ.

"ಈ ಕಾರು 3,500 ಪೌಂಡ್ ಎಳೆಯುತ್ತದೆ" ಎಂದು ಮಾರುವವರು ಹೇಳಿದ್ದನ್ನು ಎಲ್ಲರೂ ನೆನಪಿಟ್ಟಿರುತ್ತಾರೆ. ಕಾರು ಎಷ್ಟು ಹೊರುತ್ತದೆ ಎಂಬುದು ಆ ಚೀಟಿಯಲ್ಲಿದೆ. ಒಳಗೆ ಕೂತ ಜನ, ಸಾಮಾನು, ರೂಫ್ ಮೇಲಿನ ಸೈಕಲ್, ಮೂಕಿ ಭಾರ ಎಲ್ಲ ಸೇರಿ ಅದರೊಳಗಿರಬೇಕು. ನಮ್ಮ ಕಾರಿನದು 1,100 ಪೌಂಡ್. ನಾವು ಮೂವರು 430, ಸಾಮಾನು 150, ಮೂಕಿ ಭಾರ 300, ರೂಫ್ ಮೇಲಿನದು 105. ಒಟ್ಟು 985. ಉಳಿದದ್ದು 115 ಪೌಂಡ್. ಮಗಳ ಗೆಳತಿಯೊಬ್ಬಳು ಜೊತೆಗೆ ಬಂದರೆ ಮುಗಿಯಿತು. ಊರಿಂದ ಅಪ್ಪ ಅಮ್ಮ ಬಂದ ವರ್ಷ ನಾವು ಸೈಕಲ್‌ಗಳನ್ನು ಮನೆಯಲ್ಲೇ ಬಿಟ್ಟೆವು.

12. ಇ-ಬೈಕಿನ ಬ್ಯಾಟರಿ ಕಳಚಿ ಕಾರಿನೊಳಗೆ ಇಡಿ.

ಆರರಿಂದ ಎಂಟು ಪೌಂಡ್ ತೂಕ ತಕ್ಷಣ ಇಳಿಯುತ್ತದೆ. ಮಳೆ, ಕುಲುಕಿನಿಂದಲೂ ರಕ್ಷಣೆ. ಬಿಸಿಲಿಗೆ ಕಾದ ಡಿಕ್ಕಿಯ ಮೂಲೆಯಲ್ಲಲ್ಲ, ನೆರಳಿರುವ ಕಡೆ.

13. ಕಟ್ಟಿದ ಮೇಲೆ ಅಲುಗಾಡಿಸಿ. ಸೈಕಲ್ ಅಲ್ಲಾಡಿದರೆ ಸಾಲದು, ಗಾಡಿ ಅಲ್ಲಾಡಬೇಕು.

ರ‍್ಯಾಕ್ ಹಿಡಿದು ಜಗ್ಗಿದಾಗ ಇಡೀ ಗಾಡಿ ಅದರೊಡನೆ ತೂಗಿದರೆ ಬಿಗಿ ಸರಿಯಾಗಿದೆ ಎಂದರ್ಥ. ಬರೀ ಸೈಕಲ್ ಕುಣಿದರೆ ಇನ್ನೊಂದು ಪಟ್ಟಿ ಹಾಕಿ. ಚಕ್ರ ತಿರುಗದಂತೆ, ಹ್ಯಾಂಡಲ್ ಹೊರಳದಂತೆ, ಪೆಡಲ್ ಪಕ್ಕದ ಸೈಕಲಿನ ಬಣ್ಣ ಕೆರೆಯದಂತೆ ಬೇರೆ ಬೇರೆ ಕಟ್ಟು ಬೇಕು. ಕಾರ್ಬನ್ ಫ್ರೇಮಿನ ಸೈಕಲಿಗೆ ಕಂಬಿ ಹಿಡಿದು ಒತ್ತುವ ಕ್ಲಾಂಪ್ ಹಾಕಬೇಡಿ, ಒಳಗೇ ಸೀಳುತ್ತದೆ. ರ‍್ಯಾಕಿನ ಕಟ್ಟು ಒಂದು, ಅದು ಬಿಟ್ಟರೂ ಸೈಕಲ್ ರಸ್ತೆಗೆ ಬೀಳದಂತೆ ಫ್ರೇಮಿಗೆ ನೇರ ಕಟ್ಟಿದ ಗಟ್ಟಿ ಪಟ್ಟಿ ಇನ್ನೊಂದು. ಎಳೆದರೆ ಹಿಗ್ಗುವ ರಬ್ಬರ್ ಹಗ್ಗ ಬೇಡವೇ ಬೇಡ. ನೀರು ಬಾಟಲಿ, ಗಾಳಿ ಪಂಪು, ಮಕ್ಕಳನ್ನು ಕೂರಿಸುವ ಬುಟ್ಟಿ ಎಲ್ಲ ತೆಗೆದು ಒಳಗಿಡಿ. ಮೇಲೆ ಹೊದಿಕೆ ಹಾಕಿದರೆ ಅದು ದೋಣಿಯ ಹಾಯಿಯಂತೆ ಗಾಳಿ ಹಿಡಿದು ಎಳೆಯುತ್ತದೆ. ಹೊದಿಕೆಯನ್ನು ಕ್ಯಾಂಪಿನಲ್ಲಿ ಹಾಕಿಕೊಳ್ಳಿ.

ಹೊರಟು ಹತ್ತು ಹದಿನೈದು ಮೈಲಿಗೆ ನಿಲ್ಲಿಸಿ ಎಲ್ಲ ಬೋಲ್ಟು, ಪಟ್ಟಿ ಮುಟ್ಟಿ ನೋಡಿ. ಮೊದಲ ಸಡಿಲು ಕಾಣುವುದು ಅಲ್ಲೇ. ಆಮೇಲೆ ಪ್ರತಿ ನಿಲುಗಡೆಯಲ್ಲೂ. ನಮ್ಮಲ್ಲಿ ಈ ಕೆಲಸ ಮಗಳದು. ಬಂಪರ್ ಬಿರುಕನ್ನು ಕಂಡುಹಿಡಿದ ಕಣ್ಣು ಅದು.

14. ದೀಪ, ನಂಬರ್ ಪ್ಲೇಟ್ ಕಾಣಬೇಕು.

ಹಿಂದೆ ಸೈಕಲ್ ಕಟ್ಟಿದವರು ಇಪ್ಪತ್ತು ಅಡಿ ಹಿಂದೆ ಹೋಗಿ, ಒಳಗಿದ್ದವರಿಗೆ ಬ್ರೇಕ್ ಒತ್ತಲು, ಇಂಡಿಕೇಟರ್ ಹಾಕಲು ಹೇಳಿ ನೋಡಬೇಕು. ಟೈರಿನ ಹಿಂದೆ ಅಡಗಿದ ಇಂಡಿಕೇಟರ್ ಇದ್ದೂ ಇಲ್ಲದಂತೆ.

15. ವೇಗಕ್ಕೆ ಟ್ರೇಲರ್ ಟೈರನ್ನು ಕೇಳಿ, ಫಲಕವನ್ನಲ್ಲ.

ಬೇ ಸಿಟಿ ದಾಟಿದ ಮೇಲೆ ಐ-75ರ ಫಲಕ 75 ಎನ್ನುತ್ತದೆ. ಎಸ್‌ಟಿ ಎಂದು ಬರೆದ ಟ್ರೇಲರ್ ಟೈರುಗಳಲ್ಲಿ ಅನೇಕವು 65 ಮೈಲಿ ವೇಗಕ್ಕೆಂದೇ ತಯಾರಾದವು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವ ಗಾಡಿಗೆ ಕಾನೂನಿನ ಮಿತಿಯೇ 55. ನಾವು 60ರಲ್ಲಿ ಬಲಗಡೆಯ ಸಾಲು ಹಿಡಿದು ಹೋಗುತ್ತೇವೆ. ಮುನ್ನೂರು ಮೈಲಿಗೆ ಗಂಟೆಯಷ್ಟು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಅಡ್ಡಗಾಳಿಗೆ ಎಚ್ಚರ ಬೇಕಾದ ಜಾಗಗಳು ಮೊದಲೇ ಗೊತ್ತಿರಲಿ. ಈ ದಾರಿಯಲ್ಲಿ ಸ್ಯಾಗಿನಾ ಹತ್ತಿರ ನದಿಯ ಮೇಲೆ ಎತ್ತರಕ್ಕೆ ಏರುವ ಜಿಲ್ವಾಕೀ ಸೇತುವೆ ಒಂದು. ದ್ವೀಪ ಮುಗಿಸಿ ಉತ್ತರದ ಪರ್ಯಾಯ ದ್ವೀಪಕ್ಕೆ ಹೋಗುವವರಿಗೆ 1957ರಲ್ಲಿ ತೆರೆದ 5 ಮೈಲಿಯ ಮ್ಯಾಕಿನಾ ಸೇತುವೆ ಇನ್ನೊಂದು. ಗಾಳಿ ಜೋರಾದಾಗ ಅಲ್ಲಿ ಟ್ರೇಲರ್‌ಗಳನ್ನು ಗಂಟೆಗೆ 20 ಮೈಲಿ ವೇಗದಲ್ಲಿ ಬೆಂಗಾವಲಿನೊಡನೆ ದಾಟಿಸುತ್ತಾರೆ. ಇನ್ನೂ ಜೋರಾದರೆ ತಡೆದು ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಬೇಸರಪಡದೆ ಕಾಫಿ ಕುಡಿಯುತ್ತ ಕಾಯಿರಿ.

16. ಟ್ರೇಲರ್ ಬೀಸತೊಡಗಿದರೆ ಕಾರಿನ ಬ್ರೇಕ್ ತುಳಿಯಬೇಡಿ.

ಇದನ್ನು ಹೊರಡುವ ಮುನ್ನವೇ ಬಾಯಿಪಾಠ ಮಾಡಿಕೊಳ್ಳಿ. ಆ ಕ್ಷಣದಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಸ್ಟಿಯರಿಂಗ್ ನೇರ ಹಿಡಿಯಿರಿ, ಟ್ರೇಲರ್ ಅತ್ತ ಹೋದಾಗ ಇತ್ತ ತಿರುಗಿಸಲು ಹೋಗಬೇಡಿ. ಟ್ರೇಲರಿಗೆ ವಿದ್ಯುತ್ ಬ್ರೇಕ್ ಇದ್ದರೆ, ಡ್ಯಾಶ್‌ಬೋರ್ಡಿನ ಕಂಟ್ರೋಲರ್ ಮೇಲಿನ ಕೈಹಿಡಿಯನ್ನು ಮೆಲ್ಲಗೆ ಒತ್ತಿ. ಟ್ರೇಲರ್ ಮಾತ್ರ ಹಿಂದಕ್ಕೆ ಜಗ್ಗಿ ನೇರವಾಗುತ್ತದೆ. ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಬಹುದು ಎಂಬುದು ತಪ್ಪು. ನಿಂತ ಮೇಲೆ ಹಿಂದಿನ ಭಾರವನ್ನು ಮುಂದಕ್ಕೆ ಸರಿಸದೆ ಮತ್ತೆ ಹೊರಡಬೇಡಿ. ಬೀಸು ತಡೆಯುವ ಸ್ವೇ ಬಾರ್ ಒಳ್ಳೆಯದೇ. ಆದರೆ ಅದು ಹಿಂಭಾರವಾದ ಬಂಡಿಯನ್ನು ಮುಂಭಾರ ಮಾಡಲಾರದು.

17. ಒಯ್ಯಲೇಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ.

ಮ್ಯಾಕಿನಾ ದ್ವೀಪದಲ್ಲಿ ಫೆರಿ ಇಳಿದ ಕಡೆಯೇ ಬಾಡಿಗೆ ಸೈಕಲ್ ಸಿಗುತ್ತದೆ. ಅಲ್ಲಿ ಒಂದೇ ದಿನ ಸುತ್ತುವವರಿಗೆ ಅದು ಸಾಕು. ಮಿಸೌರಿಯ 240 ಮೈಲಿಯ ಕೇಟಿ ಟ್ರೇಲ್, ಪಿಟ್ಸ್‌ಬರ್ಗಿನಿಂದ ಕಂಬರ್ಲೆಂಡ್‌ಗೆ ಹೋಗುವ 150 ಮೈಲಿಯ ಗ್ರೇಟ್ ಅಲೆಗೇನಿ ಪ್ಯಾಸೇಜ್ ಎಂದು ದಿನಗಟ್ಟಲೆ ತುಳಿಯುವವರಿಗೆ ತಮ್ಮದೇ ಸೀಟು, ತಮ್ಮದೇ ಹ್ಯಾಂಡಲ್ ಬೇಕು. ಅವರು ಒಯ್ಯಲಿ.

18. ತಲುಪಿದ ಮೇಲೆ ಮೊದಲು ಸೈಕಲ್ ಇಳಿಸಿ, ಆಮೇಲೆ ಹಿಚ್ ಕಳಚಿ.

ಟ್ರೇಲರಿನ ಹಿಂದೆ ಸೈಕಲ್ ಇಟ್ಟವರಿಗೆ ಇದು ಬಲು ಮುಖ್ಯ. ಹಿಂಭಾರವಾದ ಟ್ರೇಲರನ್ನು ಕಾರಿನಿಂದ ಬಿಡಿಸಿದ ಕ್ಷಣ ಮೂಕಿ ಸರ್ರನೆ ಮೇಲೇಳಬಹುದು. ಬಗ್ಗಿ ಹಿಚ್ ಬಿಚ್ಚುತ್ತಿರುವವರ ಗದ್ದ ಅಲ್ಲೇ ಇರುತ್ತದೆ. ಚಕ್ರಗಳಿಗೆ ಅಡ್ಡ ಕೊಟ್ಟು, ಸೈಕಲ್ ಇಳಿಸಿ, ಹಿಂದಿನ ಮೂಲೆಗಳಿಗೆ ಆಧಾರದ ಜಾಕ್ ಕೊಡುವವರೆಗೆ ಮಕ್ಕಳು ಟ್ರೇಲರ್ ಒಳಗೆ ಹಿಂದಿನ ಹಾಸಿಗೆಗೆ ಓಡದಂತೆ ನೋಡಿಕೊಳ್ಳಿ. ಇಳಿಸಿದ ಸೈಕಲ್‌ಗಳನ್ನು ಟ್ರೇಲರಿನ ಫ್ರೇಮಿಗೆ ಸೇರಿಸಿ ಗಟ್ಟಿ ಬೀಗ ಹಾಕಿ, ಸೈಕಲ್‌ಗಳ ಸೀರಿಯಲ್ ನಂಬರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಎರಡಕ್ಕೆ ಮಾತ್ರ ಬೀಗ ಬೀಳುತ್ತದೆ. ಮೂರನೆಯದರ ಮುಂದಿನ ಚಕ್ರ ಹಾಕಿಕೊಟ್ಟ ಕೂಡಲೇ ಮಗಳು ಅದನ್ನು ಹತ್ತಿ, ಕೆರೆಯಂಚಿನ ಹಾದಿಯಲ್ಲಿ ಸೇತುವೆಯ ದೀಪ ಹತ್ತಿದೆಯೇ ನೋಡಿಬರಲು ಹೊರಟಿರುತ್ತಾಳೆ.